ಹವಾ ಬದಲಾವಣೆ

ನೀರು ಕುಡಿಯುವ ನೆಪದಲ್ಲಿ ಆಳುಗಳು ತೊಟ್ಟಿಯ ನೆರಳಿಗೆ ಹೋಗಿ ಕೂರುತ್ತಾರೆಂದು ಮೇಸ್ತ್ರಿ ನಲ್ಲಿಗೆ ಬೀಗ ಹಾಕಿದ. ಮಧ್ಯಾಹ್ನ ಗಾರೆಯವನು ಸತ್ತ. ಬೀಗದಕೈ ಮೇಸ್ತ್ರಿಯ ಜೇಬಿನಲ್ಲಿತ್ತು. ಮೇಸ್ತ್ರಿ ಊಟಕ್ಕೆ ಹೋಗಿದ್ದ.

ಕಟ್ಟುತ್ತಿದ್ದದ್ದು ಸಮ್ಮೇಳನದ ಸಭಾಂಗಣ. ಮಳೆಗಾಲ ಕಳೆದ ಮೇಲೆ ಲೋಕದ ದೊರೆಗಳೆಲ್ಲ ಅಲ್ಲಿ ಬಂದು ಕೂತು, ಕಾದ ಭೂಮಿಯನ್ನು ತಣಿಸುವುದು ಹೇಗೆಂದು ಮಾತುಕತೆ ನಡೆಸುವವರಿದ್ದರು. ಅಷ್ಟರೊಳಗೆ ಚಾವಣಿ ಮುಗಿಯಬೇಕು. ಕಾಂಕ್ರೀಟಿನ ಮೋಲ್ಡ್ ಹಾಕಲು ತೊಡಗಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಬಿರುಕು ಬಿಡುತ್ತದೆ. ಆಳು ಬಿರುಕು ಬಿಟ್ಟರೆ ಇನ್ನೊಂದು ಆಳು ಸಿಗುತ್ತದೆ.

ಗಾರೆಯವನ ಹೆಂಡತಿಗೆ ಅಲ್ಲಿ ನೀರಕ್ಕ ಎಂದೇ ಹೆಸರು. ಹಾಕಿದ ಮೋಲ್ಡಿನ ಮೇಲೆ ಗೋಣಿತಾಟು ಹಾಸಿ, ಪೈಪು ಹಿಡಿದು ಹೊತ್ತಿಡೀ ನೆನೆಸುವುದು ಅವಳ ಕೆಲಸ. ಕಾಂಕ್ರೀಟಿಗೆ ಬಾಯಾರಬಾರದು. ಆ ಪೈಪಿಗೆ ಆಳುಗಳು ಬಾಯಿ ಹಚ್ಚದಂತೆ ಕೆಳಗೆ ವಾಲ್ವಿನ ಹತ್ತಿರ ಮೇಸ್ತ್ರಿಯ ಬಾಮೈದ ಕಾವಲಿದ್ದ. ಗಂಡ ಕೈಯಲ್ಲಿ ಕರಣೆ ಹಿಡಿದಂತೆಯೇ ಕುಸಿದಾಗ ಅವಳು ಪೈಪು ಎಳೆದುಕೊಂಡು ಅವನ ಕಡೆ ಓಡಿದಳು. ಬಾಮೈದ ವಾಲ್ವ್ ತಿರುಗಿಸಿದ. ಪೈಪು ಕೆಮ್ಮಿ ಸುಮ್ಮನಾಯಿತು. ಮೋಲ್ಡಿನ ನೀರು ಮೋಲ್ಡಿಗೆ ಎಂದು ಅವನು ಕೆಳಗಿನಿಂದಲೇ ಕೂಗಿ ಹೇಳಿದ.

ಹೆಣ ಮಣ್ಣು ಸೇರಿದ ಮೇಲೆ ಆಳುಗಳ ತಗಡಿನ ಶೆಡ್ಡಿಗೆ ಪರಿಸರ ಸಂಸ್ಥೆಯೊಂದರ ಮೇಡಂ ಬಂದಳು. ಒಳ್ಳೆಯ ಹೆಂಗಸೇ. ನೀರಕ್ಕನ ಕೈ ಹಿಡಿದುಕೊಂಡು ಅತ್ತಳು. ದೂರದ ದೊಡ್ಡ ದೇಶಗಳು ತಲೆಮಾರುಗಟ್ಟಲೆ ಹೊಗೆ ಬಿಟ್ಟು ಬಿಸಿಲನ್ನು ಬೆಂಕಿ ಮಾಡಿವೆ, ಅವರು ತಪ್ಪೊಪ್ಪಿಕೊಂಡು ಬಡದೇಶಗಳ ನಷ್ಟ ತುಂಬಿಕೊಡಬೇಕು, ಸಮ್ಮೇಳನ ಶುರುವಾದ ಕೂಡಲೇ ನಿನ್ನ ಮಾತನ್ನು ಪರದೆಯ ಮೇಲೆ ತೋರಿಸಿ ಅವರ ಬಾಯಿ ಕಟ್ಟುತ್ತೇವೆ ಎಂದಳು. ಹೇಳಬೇಕಾದದ್ದು ಒಂದೇ ಸಾಲು: ನನ್ನ ಗಂಡನನ್ನು ಹವಾಮಾನ ಬದಲಾವಣೆ ಕೊಂದಿತು.

ಕಟ್ಟಡದ ಕಂತ್ರಾಟುದಾರ ಇದನ್ನು ಕೇಳಿ ಹಾಲು ಕುಡಿದಷ್ಟು ಸಂತೋಷಪಟ್ಟ. ಸಭಾಂಗಣ ಎದ್ದ ಮೇಲೆ ನೀರಕ್ಕನಿಗೆ ಒಳಗೇ ಗುಡಿಸುವ ಕೆಲಸ, ತಣ್ಣನೆಯ ಗಾಳಿಯಲ್ಲಿ, ಎಂದು ಮಾತು ಕೊಟ್ಟ. ಮೇಡಮ್ಮಿನ ಕಾರು ಹೊರಟ ಮೇಲೆ ಮೇಸ್ತ್ರಿ ಉಳಿದದ್ದನ್ನು ಹೇಳಿದ. ಹೇಳಿಕೊಟ್ಟಷ್ಟು ಹೇಳಿದರೆ ಶೆಡ್ಡು, ಇಲ್ಲದಿದ್ದರೆ ಮುದುಕಿ ಅತ್ತೆಯನ್ನೂ ಕಟ್ಟಿಕೊಂಡು ರಸ್ತೆ.

ಸಂಜೆ ನೀರಕ್ಕ ಒಲೆಯ ಮುಂದೆ ಕೂತು ಆ ಸಾಲನ್ನು ಬಾಯಿಪಾಠ ಮಾಡತೊಡಗಿದಳು. ಮೂಲೆಯಲ್ಲಿ ಮುದುಡಿಕೊಂಡಿದ್ದ ಅತ್ತೆ ಎದ್ದು ಕೂತಳು.

"ಏನೇ ಅದು ಗೊಣಗ್ತಿರೋದು?"

"ಹವಾ ಬದಲಾವಣೆ ಕೊಂದಿತು ಅನ್ಬೇಕಂತೆ ಅತ್ತೆ."

"ಹವಾ ಬದಲಾವಣೆಗೆ ಹೋದೋರು ಸಾಯ್ತಾರೇನೇ? ನಾನು ಮುಸುರೆ ತಿಕ್ತಿದ್ದ ಮನೆ ಸಾಹುಕಾರ ವರ್ಷಾ ವರ್ಷಾ ಹೋಗ್ತಿದ್ದ. ಬೆಟ್ಟದ ತಂಪಲ್ಲಿ ತಿಂದುಂಡು ಹಂದಿ ಹಾಗೆ ಊದ್ಕೊಂಡು ಬರ್ತಿದ್ದ. ನನ್ನ ಮಗ ಯಾವ ಬೆಟ್ಟಕ್ಕೆ ಹೋಗಿದ್ದ?"

ಪಕ್ಕದ ಶೆಡ್ಡಿನವರು ನಕ್ಕುಬಿಟ್ಟರು. ಸಾವಾದ ಮನೆ ಎಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡರು. ಅದು ಹವಾ ಅಲ್ಲಜ್ಜಿ, ಹವಾಮಾನ ಎಂದು ಕಾಂಕ್ರೀಟ್ ಮಿಕ್ಸರಿನವನು ತಿದ್ದಿದ. ತಂಪು ಹವಾ ಒಳಗೆ ಕೂರೋರಿಗೆ, ಹೋಗೋ ಮಾನ ಹೊರಗೆ ನಿಂತೋರಿಗೆ, ಎರಡೂ ಸೇರಿ ಹವಾಮಾನ ಎಂದ. ನೀರಕ್ಕ ನಗಲಿಲ್ಲ. ಅತ್ತೆಯ ಪ್ರಶ್ನೆ ಆ ಸಾಲಿಗೆ ಅಡ್ಡ ನಿಂತಿತು. ಆಮೇಲೆ ಎಷ್ಟು ಸಲ ಬಾಯಿ ತೆರೆದರೂ ಆ ಸಾಲು ಮುಂದಕ್ಕೆ ಹೋಗಲಿಲ್ಲ.

ಮರುದಿನ ಬಿಸಿಲು ನೆತ್ತಿಗೆ ಬರುವುದನ್ನೇ ಕಾದು ಅವಳನ್ನು ಚಾವಣಿಗೆ ಹತ್ತಿಸಿದರು. ಅವನು ಬಿದ್ದ ಜಾಗದಲ್ಲೇ ಕುರ್ಚಿ. ಮೇಡಮ್ಮಿಗೆ ಕೊಡೆ, ಕ್ಯಾಮೆರಾಕ್ಕೂ ಕೊಡೆ. ಮುಖದ ಮೇಲೆ ಬೆವರು ಚೆನ್ನಾಗಿ ಇಳಿಯಲಿ, ಆಮೇಲೆ ಶುರು ಮಾಡೋಣ ಎಂದು ಕ್ಯಾಮೆರಾದವನು ಹೇಳಿದ. ಎಲ್ಲರೂ ನಿಂತು ಅವಳ ಬೆವರಿಗಾಗಿ ಕಾದರು. ಇಳಿಯಿತು.

"ನಲ್ಲಿಗೆ ಬೀಗ ಹಾಕಿದ್ರು ಮೇಡಂ," ಎಂದಳು ನೀರಕ್ಕ.

ಮೇಡಂ ತಲೆಯಾಡಿಸಿದಳು. ನೀನು ಮೊದಲೇ ಹೇಳಿದ್ದೆಯಲ್ಲ, ಅದನ್ನು ನೀರಿನ ಕೊರತೆ ಎಂದು ಹಾಕಿಕೊಂಡಿದ್ದೇವೆ ಎಂದಳು.

"ಕೊರತೆ ಅಲ್ಲ. ತೊಟ್ಟಿ ತುಂಬಾ ನೀರಿತ್ತು. ಬೀಗ."

ಕಂತ್ರಾಟುದಾರ ಆಕಾಶ ನೋಡಿದ. ಮೇಡಂ ಹತ್ತಿರ ಬಗ್ಗಿ, ಈಗ ಮೇಸ್ತ್ರಿಯ ಸುದ್ದಿ ಎತ್ತಿದರೆ ದೊಡ್ಡ ದೇಶದವರು ಅದನ್ನೇ ಹಿಡಿದುಕೊಂಡು ನುಣುಚಿಕೊಳ್ಳುತ್ತಾರೆ, ನಿನ್ನಂಥ ಲಕ್ಷಾಂತರ ಜನಕ್ಕೆ ಸಿಗಬೇಕಾದದ್ದು ತಪ್ಪಿಹೋಗುತ್ತದೆ ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

"ಅವರು ಬಿಸಿಲು ಕಾಯಿಸಿದ್ದು ದಿಟವೇ ಇರ್ಬೋದು. ಅವರದನ್ನ ಅವರಿಗೆ ಕೇಳಿ, ನಾನು ಬೇಡ ಅನ್ನಲ್ಲ," ಎಂದು ನೀರಕ್ಕ ಪಕ್ಕದಲ್ಲಿದ್ದ ಮೇಸ್ತ್ರಿಯ ಕಡೆ ಬೆರಳು ಮಾಡಿದಳು. "ಆದ್ರೆ ಬಿಸಿಲು ಎಲ್ಲರ ಮೇಲೂ ಬಿತ್ತು. ಈ ಬೋಳಿಮಗನ ಮೇಲೂ ಬಿತ್ತು. ಇವನ್ಯಾಕೆ ಸಾಯ್ಲಿಲ್ಲ ಕೇಳಿ."

ಕ್ಯಾಮೆರಾದವನು ಕ್ಯಾಮೆರಾ ಆರಿಸಿದ. ಕಂತ್ರಾಟುದಾರ ಬೇಸರದಿಂದ, ಇವಳಲ್ಲದಿದ್ದರೆ ಇನ್ನೊಬ್ಬಳು, ಸೀರೆ ಉಟ್ಟಿದ್ದರೆ ಸಾಕು, ಪರದೆಯ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದ. ಮೇಡಂ ಕೊಡೆಯ ನೆರಳಿಗೆ ಸರಿದಳು. ಮಿಕ್ಸರಿನವನ ಹೆಂಡತಿಯನ್ನು ಕರೆಸಿದರು. ಅವಳು ಮೆಟ್ಟಿಲ ತುದಿಗೆ ಬಂದು, ಕುರ್ಚಿಯಲ್ಲಿ ಕೂತವಳನ್ನು ನೋಡಿ ಅಲ್ಲೇ ನಿಂತಳು.

ಮೇಸ್ತ್ರಿ ಕುರ್ಚಿಯ ಕಾಲಿಗೆ ಒದ್ದ.

"ಎದ್ದೇಳೇ ಮುಂಡೆ. ಜಾಗ ಖಾಲಿ ಮಾಡು."

ಸಿಮೆಂಟು ತಿಂದು ಸೀಳಿಹೋದ ಬೆರಳುಗಳಿಂದ ನೀರಕ್ಕ ಕುರ್ಚಿಯ ಎರಡೂ ತೋಳು ಹಿಡಿದಳು.

"ಮುಂಡೆ ಮಾಡಿದೋನು ನೀನು, ಹಾಗೆ ಕರಿಯೋಕೆ ನಿನಗೆ ಹಕ್ಕಿದೆ ಕಣೋ. ಏಳಲ್ಲ."