ಒಂದ್ ಬಶಿ ಚಾ

ನಳದ ಹಂತ್ಯಾಕ ಕೊಡ ಎತ್ತಾಕ ಹೋಗಿ ಛಾಯಾ ಕಣ್ಣಿಗೆ ಕತ್ತಲಿ ಬಂದು ಬಿದ್ದಳು ಅಂತ ಬಾಜೂಮನಿ ಜನಾಬಾಯಿ ಒದರಿಕೋತ ಬಂದಾಗ ಚೆನ್ನವ್ವ ನಳದ ಕಡೆ ಓಡಿದಳು. ಹದಿಮೂರರ ಮಗಳು. ದೀಪಾವಳಿಗೆ ಹೊಲಿಸಿದ ಜಂಪರು ಈಗ ಹೆಗಲಮ್ಯಾಲೆ ಜೋತಾಡತಿತ್ತು. ಉಣ್ಣ ಅಂದ್ರ ಒಂದ ಮಾತು: "ನನಗ ಹಸಿವಿಲ್ಲವ್ವ. ಒಂದ್ ಬಶಿ ಚಾ ಸಾಕು."

ಶಹಾಪುರದಾಗ ಮಗ್ಗದ ಧೂಳು ಕುಡದು ಕೆಮ್ಮಿ ಕೆಮ್ಮಿ ಹೋದವರನ್ನ ಚೆನ್ನವ್ವ ಕಂಡಿದ್ದಳು. ಕ್ಷಯ ಅನ್ನೂ ಶಬ್ದ ಬಾಯಾಗ ತರಾಕೂ ಅಂಜಿಕಿ. ಮಗಳು ಸುಮ್ನ ಗಂಟಲ ಸರಿ ಮಾಡಿಕೊಂಡ್ರೂ ಇವಳ ಕೈಯಾಗಿನ ಕೆಲಸ ನಿಲ್ಲತಿತ್ತು.

ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದಳು. ಘಾಟ ಬರಲಿಲ್ಲ. ಆತಲ್ಲ, ಮಂದಿ ಕಣ್ಣು ಹತ್ತೇತಿ! ನಳಕ್ಕ ಬರೂ ಹೆಂಗಸರನ್ನೆಲ್ಲ ಮನಸಿನಾಗ ಬೈದಳು. ಪಾಪ, ಅವರದೇನ ತಪ್ಪು? ಮರುದಿನ ದವಾಖಾನಿ ಮರಾಠಿ ಡಾಕ್ಟರು ಹುಡುಗಿ ರೆಪ್ಪಿ ಜಗ್ಗಿ ನೋಡಿ, "ಕ್ಷಯ ನಾಹೀ ಬಾಯಿ, ಅಂಗಾತ ರಕ್ತ ನಾಹೀ. ಪೋರೀಲಾ ಪೋಟಭರ ಖಾಯಲಾ ಘಾಲಾ" ಅಂದ್ರು. ಮೈಯಾಗ ರಕ್ತ ಇಲ್ಲ, ಹೊಟ್ಟಿ ತುಂಬ ಹಾಕು ಅಂತ.

ಹಾಕಾಕೇನ, ಹುಡುಗಿ ಉಣ್ಣಬೇಕಲ್ಲ! ಚೆನ್ನವ್ವ ರಮಿಸಿದಳು, ಬೈದಳು, ಒಂದ್ಸಲ ಬೆನ್ನಿಗೆ ಬಡದೂ ಬಿಟ್ಟಳು. ಆಮ್ಯಾಲೆ ತಾನ ಕುಂತು ಅತ್ತಳು. ಛಾಯಾ ಮಾತ್ರ ತನ್ನ ತಾಟು ತಮ್ಮನ ಕಡೆ ಸರಿಸೂದು ಬಿಡಲಿಲ್ಲ.

ಒಂದಿನ ಸಂಜಿ, ಸಣ್ಣ ಮಗ ಉಂಡು ಆಡಾಕ ಹೋದ ಮ್ಯಾಲೆ, ಚೆನ್ನವ್ವ ರೊಟ್ಟಿ ಬಡಿಯಾಕತ್ತಿದ್ದಳು. ಅತ್ತಿ ರಾಯವ್ವ ಎಲಿಗೆ ಸುಣ್ಣ ಹಚ್ಚಿಕೋತ ಅಂದ್ಲು: "ಯಾಕಿಷ್ಟ ಹೌಹಾರತಿ? ಹುಡುಗಿ ದೊಡ್ಡಾಕ್ಯಾಗಿ ಶಾಣ್ಯಾ ಆಗ್ಯಾಳ. ಎಲ್ಲಾರದೂ ಆದ ಮ್ಯಾಲೆ ಉಳಿದ್ರ ಉಣ್ಣತಾಳ, ಇಲ್ಲಾಂದ್ರ ಒಂದ್ ಬಶಿ ಚಾ. ನೂಲಿನಂಗ ಸೀರಿ, ತಾಯಿಯಂಗ ಮಗಳು."

ಚೆನ್ನವ್ವನ ಕೈ ಹಿಟ್ಟಿನಾಗ ಹಂಗ ನಿಂತಿತು.

"ನನಗ ಹಸಿವಿಲ್ಲ" ಅನ್ನೂದು ಯಾರ ಮಾತು? ಗಂಡ ಯಮನಪ್ಪ ಗಿರಣಿ ಪಾಳಿ ಮುಗಿಸಿ ಬಂದು ಉಂಡಾದ ಮ್ಯಾಲೆನ ಈ ಮನ್ಯಾಗ ಸೊಸಿ ಊಟ. ಅವನ ಪಾಳಿ ಬದಲಾದ್ರ ಇವಳ ಹಸಿವೂ ಬದಲಾಗಬೇಕು. ರೊಟ್ಟಿ ಕಡಿಮಿ ಬಿದ್ದಾಗ ಚಾ ಕುಡದು ಬಾಯಿ ಒರಸಿಕೊಂಡು ಅದ ಮಾತು ಅಂದಾಕಿ ತಾನ. ಎಂಥಾ ಚಲೋ ಸೊಸಿ ಅಂತ ಓಣಿಯವರು ಹೊಗಳಿದಾಗ ಉಬ್ಬಿದಾಕೀನೂ ತಾನ. ಅಯ್ಯ ಶಿವನ! ಹುಡುಗಿಗೆ ಹತ್ತಿದ್ದು ಮಂದಿ ಕಣ್ಣಲ್ಲ, ತನ್ನ ಚಾಳಿನ.

ಕೈ ತೊಳಕೊಂಡು ಎರಡು ತಾಟು ಹಚ್ಚಿದಳು. ರೊಟ್ಟಿ, ಮೆಂತೆ ಪಲ್ಯ, ಶೇಂಗಾ ಚಟ್ನಿ.

"ಛಾಯಾ, ಬಾ. ಇಬ್ಬರೂ ಉಣ್ಣೂಣು."

"ಅಪ್ಪ ಇನ್ನ ಬಂದಿಲ್ಲಲ್ಲವ್ವ?"

"ಬರತಾನ. ನೀ ಕೂಡು."

"ಅಯ್ಯಯ್ಯ, ಗಿರಣಿ ಭೋಂಗಾ ಸೈತ ಕೂಗಿಲ್ಲ!" ಅಂದ್ಲು ರಾಯವ್ವ, ಬಾಯಾಗಿನ ಎಲಿ ಅಗಿಯೂದು ಬಿಟ್ಟು.

ಚೆನ್ನವ್ವ ಮದಲಿನ ತುತ್ತು ಬಾಯಿಗಿಟ್ಟಳು. ಕಳವು ಮಾಡಿ ತಿಂದಂಗ ಅನಸಿತು. ನೀರು ಕುಡದು ನುಂಗಿದಳು. ಛಾಯಾ ರೊಟ್ಟಿ ಮುಟ್ಟದ ಅವ್ವನ ಕೈ ನೋಡಾಕತ್ತಿದ್ದಳು. ಕೈ ತಾಟಿಗೆ ಹೋತು, ಬಾಯಿಗೆ ಬಂತು, ಮತ್ತ ಹೋತು. ಆಮ್ಯಾಲೆ ಹುಡುಗಿ ಒಂದು ಚೂರು ಮುರದಳು.

ಭೋಂಗಾ ಕೂಗಿತು. ಮೈಗೆಲ್ಲ ಹತ್ತಿ ಅರಳಿ ಅಂಟಿದ್ದ ಯಮನಪ್ಪ ಬಾಗಲದಾಗ ಬಂದು ನಿಂತ. ಛಾಯಾ ಧಡಕ್ಕನ ಏಳಾಕ ಹೋದಳು. ಚೆನ್ನವ್ವ ಅವಳ ಕೈ ಹಿಡದು ಕುಂಡ್ರಿಸಿದಳು.

"ಬುಟ್ಟ್ಯಾಗ ರೊಟ್ಟಿ ಅದಾವ್ರಿ. ಹಚ್ಚಿಕೊಳ್ರಿ."

ಯಮನಪ್ಪ ಹೇಂತಿ ಮಾರಿ ನೋಡಿದ, ಅವ್ವನ ಮಾರಿ ನೋಡಿದ. ಕಡೀಕ ಕೈಕಾಲು ತೊಳಕೊಂಡು ಬಂದು, ತಾನ ತಾಟು ಹಚ್ಚಿಕೊಂಡು ಮಗಳ ಎದುರಿಗೆ ಕುಂತ.

"ಅವ್ವಾ," ಅಂದ್ಲು ಛಾಯಾ, ತಲಿ ಎತ್ತದ. "ಇನ್ನೊಂದ್ ರೊಟ್ಟಿ ಐತೇನ?"

ಬುಟ್ಟಿ ಖಾಲಿ ಆಗಿತ್ತು. ಚೆನ್ನವ್ವಗ ಅಳುವೂ ಬಂತು, ನಗುವೂ ಬಂತು. ಎದ್ದು ಡಬ್ಬಿ ಬೋರಲ ಮಾಡಿ ತಳದ ಹಿಟ್ಟೆಲ್ಲ ಕೊಡವಿದಳು.

"ನಾಳಿಗೆ?" ಅಂದ್ಲು ರಾಯವ್ವ.

"ನಾಳಿಂದು ನಾಳಿಗೆ, ಅತ್ತಿ. ಹುಡುಗಿಗೆ ಈಗ ಹಸಿವಾಗೇತಿ."

ಮುದುಕಿ ವಟಗುಟ್ಟಿಕೋತ ಎದ್ದಳು. ಒಲಿ ಮುಂದ ಕುಂತು ಊದಾಕ ಹತ್ತಿದಳು.