ಎಳೆದರೆ ಅಂಕ, ತಳ್ಳಿದರೆ ಮನೆ

ವಿಶ್ವವಿದ್ಯಾಲಯದಲ್ಲಿ ಕಸ ಗುಡಿಸುವ ಹದಿನೆಂಟು ಹೆಂಗಸರನ್ನು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸಿ, ಮಣಿಕಟ್ಟಿಗೆ ತಂತಿ ಸುತ್ತಿ, ಕರೆಂಟ್ ಹೊಡೆಸಲಾಯಿತು. ಮಧ್ಯದಲ್ಲಿ ಎದ್ದವಳಿಗೆ ಮರುದಿನದಿಂದ ಕೆಲಸವಿಲ್ಲ ಎಂದು ಮೇಸ್ತ್ರಿ ಬಾಗಿಲಲ್ಲೇ ಹೇಳಿ ಒಳಗೆ ಕಳಿಸಿದ್ದ. ಯಾರೂ ಏಳಲಿಲ್ಲ.

ತಂತಿ ಸುತ್ತಿದವಳು ಸಂಶೋಧನಾ ವಿದ್ಯಾರ್ಥಿನಿ. ಮೇಸ್ತ್ರಿಯ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಮನುಷ್ಯ ಯಾವುದರ ಕಡೆಗೆ ಹೋಗುತ್ತಾನೆ, ಯಾವುದರಿಂದ ಹಿಂದೆ ಸರಿಯುತ್ತಾನೆ, ಆ ಹೊತ್ತಿನಲ್ಲಿ ಮಿದುಳು ಏನು ಮಾಡುತ್ತದೆ ಎಂಬುದು ಅವಳ ಡಾಕ್ಟರೇಟಿನ ವಿಷಯ. ಐದು ವರ್ಷ ಅದನ್ನೇ ಅರೆದು ಕುಡಿದಿದ್ದಳು. ಪ್ರಯೋಗ ಸರಳವಾದದ್ದು. ಮೇಜಿನ ಮೇಲೊಂದು ಹಿಡಿಕೆ. ಎದೆಯ ಕಡೆಗೆ ಎಳೆದರೆ ಎದುರಿನ ಪರದೆಯಲ್ಲಿ ಅಂಕ ಏರುತ್ತದೆ, ಕರೆಂಟೂ ಒಂದು ಹಂತ ಏರುತ್ತದೆ. ಏರಿದ್ದು ಹತ್ತು ಸೆಕೆಂಡಿಗೊಮ್ಮೆ ಬಡಿಯುತ್ತಲೇ ಇರುತ್ತದೆ. ಹಿಡಿಕೆಯನ್ನು ಆಚೆ ತಳ್ಳಿದರೆ ಎಲ್ಲ ನಿಂತು ಹೋಗುತ್ತದೆ, ಎದ್ದು ಮನೆಗೆ ಹೋಗಬಹುದು. ಕಾಲೇಜಿನ ಹುಡುಗರು ನಾಲ್ಕನೇ ಹಂತಕ್ಕೇ ತಳ್ಳಿ, ಕೈ ಕೊಡವಿಕೊಂಡು ನಗುತ್ತ ಕ್ಯಾಂಟೀನಿಗೆ ನಡೆದಿದ್ದರು. ಈ ಹೆಂಗಸರು ಹದಿನೆಂಟೂ ಜನ ಕೊನೆಯ, ಹತ್ತನೇ ಹಂತದವರೆಗೆ ಎಳೆದರು.

ಅವಳ ಗೈಡಾಗಿದ್ದ ಪ್ರೊಫೆಸರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರಬಂಧದ ಕೊನೆಯ ವಾಕ್ಯವನ್ನು ತಾನೇ ನಿಂತು ಹೇಳಿ ಬರೆಸಿದ: "ಈ ವರ್ಗದವರಲ್ಲಿ ನೋವಿನಿಂದ ಹಿಂದೆ ಸರಿಯುವ ಪ್ರವೃತ್ತಿ ಹುಟ್ಟಿನಿಂದಲೇ ದುರ್ಬಲ." ವಿದ್ಯಾರ್ಥಿನಿ ಟೈಪ್ ಮಾಡಿದಳು. ಅಂತೂ ಒಂದು ಹೊಸ ಸಂಗತಿ ಸಿಕ್ಕಿತೆಂದು ಅವಳಿಗೂ ಒಳಗೊಳಗೇ ಹಿಗ್ಗು.

ಆ ಹದಿನೆಂಟರಲ್ಲಿ ಏಳನೇ ನಂಬರಿನವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಬಾಯಿ ಮುಚ್ಚಿದವಳೇ ಅಲ್ಲ. ಮೌಖಿಕ ಪರೀಕ್ಷೆಗೆ ವಾರವಿದ್ದಾಗ ಅವಳು ಪ್ರಯೋಗಾಲಯದ ನೆಲ ಒರೆಸಲು ಬಂದಳು.

"ಕಾಲೆತ್ತು ತಂಗಿ. ನಿನ್ ಪುಸ್ತಕ ಮುಗೀತಾ? ಪ್ಲಗ್ ಸಾರ್ ಭಾರೀ ಖುಷಿಯಾಗಿದಾರೆ. ನಿನ್ನೆ ನನ್ನ ನಮಸ್ಕಾರ ವಾಪಸ್ ಕೊಟ್ರು."

"ಪ್ಲಗ್ ಸಾರ್ ಯಾರಕ್ಕ?"

"ಇನ್ಯಾರು, ಕರೆಂಟ್ ಕೊಡಿಸೋ ನಿಮ್ಮ ಗೈಡು."

ವಿದ್ಯಾರ್ಥಿನಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಟ್ಟೆ ಹಿಂಡುತ್ತಿದ್ದ ರೇಡಿಯೋಳ ಮಣಿಕಟ್ಟು ಕಣ್ಣಿಗೆ ಬಿತ್ತು. ಎರಡು ಕಂದು ಕಲೆ.

"ಇಷ್ಟು ಸುಟ್ಟಿತ್ತಾ? ತಳ್ಳಿದ್ರೆ ನಿಲ್ಲುತ್ತೆ ಅಂತ ಎರಡೆರಡು ಸಲ ಹೇಳಿದ್ನಲ್ಲ ಅಕ್ಕ."

"ಹೇಳ್ದೆ. ನಿನಗಿಂತ ಮುಂಚೆ ಬಾಗಿಲಲ್ಲಿ ಮೇಸ್ತ್ರಿನೂ ಹೇಳಿದ್ದ. ತಳ್ಳಿ ಬಂದವಳು ನಾಳೆಯಿಂದ ಪೊರಕೆ ಮುಟ್ಟೋದು ಬೇಡ ಅಂದ. ಅವನ ಮಾತು ಚೆನ್ನಾಗಿ ಕೇಳಿಸ್ತು." ಅವಳು ತಲೆಯೆತ್ತಿದಳು. "ಯಾಕೆ, ನಮ್ಮ ಬಗ್ಗೆ ಏನು ಬರೆದಿದೀಯ?"

ಓದಬಾರದಿತ್ತು. ವಿದ್ಯಾರ್ಥಿನಿ ಆ ಕೊನೆಯ ವಾಕ್ಯ ಓದಿದಳು.

ರೇಡಿಯೋ ಬಕೆಟ್ಟಿನಲ್ಲಿ ಬಟ್ಟೆ ಅದ್ದಿದಳು, ಮತ್ತೆ ಹಿಂಡಿದಳು.

"ಅಂದ್ರೆ ನಮಗೆ ನೋಯಲ್ಲ ಅಂತ."

"ಹಾಗಲ್ಲ ಅಕ್ಕ..."

"ಮುಂದಿನ ತಿಂಗಳು ನನ್ನ ಮಗಳೂ ಇಲ್ಲಿಗೇ ಕೆಲಸಕ್ಕೆ ಬರ್ತಾಳೆ. ಅವಳಿಗೂ ನೋಯಲ್ಲ ಅನ್ನು."

ವಿದ್ಯಾರ್ಥಿನಿ ನೇರ ಗೈಡಿನ ಕೋಣೆಗೆ ಹೋಗಿ ಇದನ್ನೆಲ್ಲ ಹೇಳಿದಳು. ಅವನು ಕನ್ನಡಕ ಒರೆಸುತ್ತಲೇ ಕೇಳಿಸಿಕೊಂಡ.

"ಗೊತ್ತಮ್ಮ. ಯಾರೂ ಮಧ್ಯದಲ್ಲಿ ಓಡದ ಹಾಗೆ ನೋಡ್ಕೋ ಅಂತ ಮೇಸ್ತ್ರಿಗೆ ನಾನೇ ಹೇಳಿದ್ದೆ. ಅವನು ಅವನ ಭಾಷೇಲಿ ಹೇಳಿದಾನೆ."

"ಹಾಗಿದ್ರೆ ನಮ್ಮ ತೀರ್ಮಾನ ತಪ್ಪಲ್ವಾ ಸರ್?"

"ನಮ್ಮದಲ್ಲ, ನಿನ್ನದು. ಟೈಪ್ ಮಾಡಿದ್ದು ನೀನು, ರುಜು ನಿನ್ನದು. ಹೆಸರಿನ ಮುಂದೆ ಡಾಕ್ಟರ್ ಬೇಕೋ ಬೇಡವೋ ಹೇಳು." ಕನ್ನಡಕ ಹಾಕಿಕೊಂಡ. "ಸೋಮವಾರ ಪರೀಕ್ಷಕರ ಎದುರಿಗೆ ಒಬ್ಬಳನ್ನ ಕೂರಿಸಿ ತೋರಿಸು. ಆ ಬಾಯಿಬಡುಕಿನೇ ಇರಲಿ."

ಅವಳು ಹೊರಗೆ ಬಂದು ಮುಖ ತೊಳೆದುಕೊಂಡಳು. ಆಮೇಲೆ ಹೋಗಿ ತಂತಿಗಳನ್ನು ಪರೀಕ್ಷಿಸಿ ಇಟ್ಟಳು.

ಸೋಮವಾರ ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. ರೇಡಿಯೋ ಬಂದು ಕುರ್ಚಿಯಲ್ಲಿ ಕೂತಳು. ವಿದ್ಯಾರ್ಥಿನಿ ಆ ಎರಡು ಕಲೆಗಳ ಮೇಲೆಯೇ ತಂತಿ ಸುತ್ತಿದಳು, ಮುಖ ನೋಡಲಿಲ್ಲ. ರೇಡಿಯೋ ಎಳೆದಳು: ಒಂದು, ಎರಡು, ಮೂರು. ಪರೀಕ್ಷಕರು ಬಗ್ಗಿ ನೋಡಿ, ಅವಳ ತಲೆಯ ಮೇಲಿಂದ ಗೈಡಿಗೆ ಹೇಳಿದರು: "ಮುಖದಲ್ಲಿ ಏನೂ ಕಾಣಲ್ಲ ನೋಡಿ. ಅದ್ಭುತ."

ನಾಲ್ಕನೆಯದನ್ನು ಎಳೆದವಳು ಹಿಡಿಕೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಎಳಿಯಮ್ಮ," ಎಂದ ಗೈಡ್.

ಕರೆಂಟ್ ಬಡಿಯಿತು. ಅವಳ ಭುಜ ಅದುರಿತು.

"ಅಕ್ಕ, ಎಳೀರಿ," ಎಂದಳು ವಿದ್ಯಾರ್ಥಿನಿ, ಅವಳಿಗಷ್ಟೇ ಕೇಳುವಂತೆ.

"ಎಳೆಯಲ್ಲ."

"ಬಲವಂತ ಏನಿಲ್ಲ," ಗೈಡ್ ಪರೀಕ್ಷಕರ ಕಡೆ ನೋಡಿ ನಕ್ಕ. "ಹಾಗಾದ್ರೆ ತಳ್ಳು. ತಳ್ಳಿ ಮನೆಗೆ ಹೋಗು."

ಬಾಗಿಲಲ್ಲಿ ಮೇಸ್ತ್ರಿ ಕೆಮ್ಮಿದ. ಮತ್ತೆ ಬಡಿಯಿತು. ಈ ಸಲ ಅವಳು ತುಟಿ ಕಚ್ಚಿ ನರಳಿದಳು, ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸುವಂತೆ. ಪರೀಕ್ಷಕರು ಒಂದು ಹೆಜ್ಜೆ ಹಿಂದೆ ಸರಿದರು. ಎಳೆದದ್ದು, ತಳ್ಳಿದ್ದು, ಎರಡೇ ಅಂಕಣವಿದ್ದ ಹಾಳೆಯ ಮೇಲೆ ವಿದ್ಯಾರ್ಥಿನಿಯ ಪೆನ್ನು ಎಲ್ಲೂ ಕೂರಲಿಲ್ಲ.

"ತಂತಿ ಬಿಚ್ಚಮ್ಮ, ಸಾಕು," ಗೈಡಿನ ದನಿ ಬದಲಾಗಿತ್ತು.

ವಿದ್ಯಾರ್ಥಿನಿ ಕೈ ಚಾಚಿದಳು. ರೇಡಿಯೋ ತಂತಿಯ ಸಮೇತ ತೋಳನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

"ನೋಯ್ತಿದೆ ಅಂತ ಬರಿ ಮೊದಲು."

"ತಳ್ಳಿಬಿಡಿ ಅಕ್ಕ, ದಮ್ಮಯ್ಯ."

"ತಳ್ಳಲ್ಲ."