ಫರಂಗಿ ಸುತ್ತಿಕೊಂಡು ಹೋದ ರತ್ನಗಂಬಳಿ

ನಮ್ಮ ಷಾಹನ ಸಾಮ್ರಾಜ್ಯವನ್ನು ಕಣ್ಣಾರೆ ಕಂಡು ಪುಸ್ತಕ ಬರೆಯುತ್ತೇನೆಂದು ಅನ್ಸೆಲ್ಮ್ ಎಂಬ ಫರಂಗಿ ಇಸ್ಫಹಾನಿಗೆ ಬಂದು ನಮ್ಮ ಮನೆಯ ಮುಂಗೋಣೆಯಲ್ಲಿ ಬೀಡುಬಿಟ್ಟ. ಮಹಾ ಸೂಕ್ಷ್ಮದೃಷ್ಟಿಯವನು. ಬೀದಿಯ ಕತ್ತೆಯೊಂದು ಒದ್ದರೆ, 'ಈ ಸಾಮ್ರಾಜ್ಯದ ಕತ್ತೆಗಳೆಲ್ಲ ಮುಂಗೋಪಿಗಳು' ಎಂದು ಬರೆದ. ನನ್ನ ಹೆಂಡತಿ ಗೊಲಂದಾಮ್‌ಗೆ ಜ್ವರ ಬಂದ ದಿನ ರೊಟ್ಟಿ ಮೊಸರು ಇಟ್ಟರೆ, 'ಪರ್ಷಿಯಾದವರು ಅಡುಗೆಯನ್ನೇ ಅರಿಯರು' ಎಂದು ಬರೆದ. ಫಾರಸಿ ಚೆನ್ನಾಗಿ ಕಲಿತಿದ್ದ. ಆಡಿದ್ದನ್ನೆಲ್ಲ ನಂಬಬಾರದೆಂದು ಮಾತ್ರ ಯಾರೂ ಕಲಿಸಿರಲಿಲ್ಲ.

ಒಂದು ದಿನ ಅವನ ಕಣ್ಣು ನಡುಮನೆಯ ರತ್ನಗಂಬಳಿಯ ಮೇಲೆ ಬಿತ್ತು. ಮಗಳು ಮಹ್‌ಪರಿ ತನ್ನ ಮದುವೆಗೆಂದು ವರ್ಷಗಟ್ಟಲೆ ಕೂತು ನೇಯ್ದದ್ದು. ಮುಂದಿನ ವಾರವೇ ಮದುವೆ. ಅದಿಲ್ಲದೆ ಗಂಡನ ಮನೆಗೆ ಹೋದರೆ ಅತ್ತೆಯ ಬಾಯಿಂದ ಜೀವನಪೂರ್ತಿ ಕೊಂಕು ಕೇಳಬೇಕು.

"ಎಂಥಾ ಚೆಲುವಾದ ಗಂಬಳಿ, ಮಿರ್ಜಾ!"

"ನಿಮ್ಮದೇ ಅದು ಸಾಹೇಬರೇ, ತಗೊಳ್ಳಿ. ನಿಮ್ಮ ಕಾಲೊರೆಸೋಕೂ ಲಾಯಕ್ಕಿಲ್ಲ."

ಹೊಗಳಿದ ವಸ್ತುವನ್ನು 'ನಿಮ್ಮದೇ' ಎನ್ನದವನು ನಮ್ಮಲ್ಲಿ ಮನುಷ್ಯನೇ ಅಲ್ಲ. ಅದನ್ನು ನಿಜವಾಗಿ ತೆಗೆದುಕೊಳ್ಳುವವನೂ ಅಲ್ಲ. ಅವನು ಬೇಡವೆನ್ನಬೇಕು, ನಾನು ಒತ್ತಾಯಿಸಬೇಕು, ಕೊನೆಗೆ ಇಬ್ಬರೂ ಷರಬತ್ತು ಕುಡಿದು ಮರೆಯಬೇಕು. ಈ ಪುಣ್ಯಾತ್ಮ ಗಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ತನ್ನ ಕೋಣೆಗೆ ಹೊರಟೇಬಿಟ್ಟ.

"ಹೋಗಿ ವಾಪಸ್ ಕೇಳ್ರೀ!" ಎಂದಳು ಗೊಲಂದಾಮ್.

"ಕೊಟ್ಟದ್ದನ್ನ ಹೆಂಗೇ ಕೇಳ್ಲಿ? ಮರ್ಯಾದೆ ಏನಾಗ್ಬೇಕು?"

"ನಿಮ್ಮ ಮರ್ಯಾದೇನ ಮಗಳು ಅತ್ತೆಮನೇಲಿ ಹಾಸ್ಕೊಂಡು ಕೂರೋಕಾಗತ್ತಾ?"

ಬೇರೆ ದಾರಿಯಿಲ್ಲದೆ ಹೋದೆ. ಬಿಸಿಲು, ಧೂಳು, ಕಲ್ಲಂಗಡಿ ಎಲ್ಲ ಮಾತಾಡಿ ಮುಗಿದ ಮೇಲೆ, ಅದು ಮಗಳ ಮದುವೆಯದ್ದೆಂದು ಮೆಲ್ಲಗೆ ಉಸುರಿದೆ. ಫರಂಗಿಯ ಮುಖ ಪೆಚ್ಚಾಯಿತು.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ?" ಎಂದು ಗಂಬಳಿಯನ್ನು ತಂದು ನನ್ನ ಮುಂದೆ ಹಿಡಿದ.

ಪರದೆಯ ಹಿಂದೆ ತಾಯಿ ಮಗಳು ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಕೈ ಚಾಚುವುದಷ್ಟೇ ಬಾಕಿ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

"ಛೇ ಛೇ, ಎಲ್ಲಾದ್ರೂ ಉಂಟಾ? ನಿಮ್ಮತ್ರಾನೇ ಇರ್ಲಿ!"

"ನಿಜವಾಗ್ಲೂ?"

"ನನ್ನಾಣೆ!"

ಅವನು ಹಿಗ್ಗಿ ಒಳಗೆ ತಿರುಗಿದ. ಅಷ್ಟರಲ್ಲಿ ಮಹ್‌ಪರಿ ಪರದೆ ಸರಿಸಿ ಹೊರಗೆ ಬಂದಳು.

"ನಿಂತ್ಕೊಳ್ಳಿ! ಕೊಟ್ಟಿದ್ದು ಅಪ್ಪನ ಬಾಯಿ, ನೇಯ್ದಿದ್ದು ನನ್ನ ಕೈ. ಕೊಡಿ ಇಲ್ಲಿ!" ಎಂದು ಕಿತ್ತುಕೊಂಡು ಬಾಗಿಲ ಕಡೆ ನಡೆದಳು.

ಫರಂಗಿ ಬೆಪ್ಪಾಗಿ ಕೂತು, ಬರೆದು, ನನಗೂ ಓದಿ ಹೇಳಿದ: 'ಈ ಸಾಮ್ರಾಜ್ಯದ ಗಂಡಸರು ಉದಾರಿಗಳು. ಹೆಂಗಸರಿಗೆ ಮಾತ್ರ ಮರ್ಯಾದೆ ಗೊತ್ತಿಲ್ಲ.'

"ಸರಿ ತಾನೇ, ಮಿರ್ಜಾ?"

ಅತಿಥಿಯ ಮಾತನ್ನು ತೆಗೆದುಹಾಕುವುದುಂಟೆ?

"ನೂರಕ್ಕೆ ನೂರು ನಿಜ, ಸಾಹೇಬರೇ" ಎಂದೆ.

ಗಂಬಳಿ ಹಿಡಿದ ಮಹ್‌ಪರಿ ಇನ್ನೂ ಬಾಗಿಲ ಬಳಿಯೇ ಇದ್ದಳು; ನಾನಂದದ್ದು ಅವಳ ಕಿವಿಗೂ ಬಿತ್ತು. ಮದುವೆಯ ದಿನ ಹೊರಡುವಾಗ ನೆರೆಮನೆಯ ಮುದುಕಿಯನ್ನೂ ಬಿಡದೆ ಎಲ್ಲರನ್ನೂ ತಬ್ಬಿಕೊಂಡು ಅತ್ತಳು. ನಾನು ಹತ್ತಿರ ಹೋದೆ. ಪರಗಂಡಸು ಎದುರಾದಾಗ ಎಳೆದುಕೊಳ್ಳುವಂತೆ ಮುಸುಕನ್ನು ಮುಖದ ಮೇಲೆ ಎಳೆದುಕೊಂಡಳು.